ಅಪ್ಪನ ಚಕ್ರಕ್ಕೆ ಮಗಳ ಉಳಿ

ಆ ಎರಕದ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಉಳಿಯಕ್ಕ ಎಂದು. ಕೈಯಲ್ಲೂ ಉಳಿ, ನಾಲಿಗೆಯಲ್ಲೂ ಉಳಿ. ಅವಳು ಮರದಲ್ಲಿ ಚಕ್ರ ಕೆತ್ತಿಕೊಟ್ಟರೆ, ಅದನ್ನು ಮರಳಿಗೆ ಒತ್ತಿ ತೆಗೆದು, ಆ ಗುಳಿಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಆ ಮರದ ಮಾದರಿಗೆ ಅಲ್ಲಿ ಪ್ಯಾಟರ್ನ್ ಎಂದೇ ಹೆಸರು. ಅವಳಿಗಿಂತ ಮೊದಲು ಆ ಮೇಜು ಅವಳ ಅಪ್ಪನದು.

ಅಪ್ಪನ ಕೆಲಸ ಕಣ್ಣಿಗೊತ್ತಿಕೊಳ್ಳುವಂಥದ್ದು, ಒಂದನ್ನು ಬಿಟ್ಟು. ಪಂಪಿನ ದೊಡ್ಡ ಚಕ್ರದಲ್ಲಿ ಕಡ್ಡಿಗಳು ನಡುಭಾಗಕ್ಕೆ ಸೇರುವ ಮೂಲೆಗಳನ್ನು ಚೂಪಾಗಿಯೇ ಬಿಟ್ಟಿದ್ದರು. ಕಬ್ಬಿಣ ಆರುವಾಗ ಅಲ್ಲೇ ಬಿರುಕು. ಬಿರುಕು ಬಿಟ್ಟದ್ದನ್ನು ಒಡೆದು ಮತ್ತೆ ಕುಲುಮೆಗೆ ಹಾಕುತ್ತಿದ್ದರೇ ಹೊರತು ಮೂಲೆಯ ಮಾತು ಯಾರೂ ಎತ್ತುತ್ತಿರಲಿಲ್ಲ. ಪ್ಯಾಟರ್ನಿನ ಬೆನ್ನಿಗೆ ಯಾರು ತಮ್ಮ ಗುರುತು ಕೆತ್ತಿದ್ದಾರೋ ಅವರದಲ್ಲದೆ ಇನ್ನೊಬ್ಬರ ಉಳಿ ತಾಗಬಾರದು, ಅದು ಅಲ್ಲಿಯ ಕಟ್ಟಳೆ. ಸತ್ತವರೇ ಎದ್ದು ಬಂದು ತಿದ್ದಬೇಕೇನೋ.

"ದೊಡ್ಡಪ್ಪ, ಈ ಮೂಲೆ ಹೆರೆದು, ಮೇಣ ತುಂಬಿ ದುಂಡಗೆ ಮಾಡ್ತೀನಿ," ಎಂದಳು ಒಂದು ದಿನ ಕಾರ್ಖಾನೆಯ ಯಜಮಾನರಿಗೆ. ಅವರು ಅಪ್ಪನ ಜೀವದ ಗೆಳೆಯ.

"ನಿಮ್ಮಪ್ಪ ಮಾಡಿದ್ದಕ್ಕೆ ಕೈ ಹಾಕ್ತೀಯಾ? ಪ್ಯಾಟರ್ನ್ ಅನ್ನೋ ಮಾತು ಎಲ್ಲಿಂದ ಬಂತು ಗೊತ್ತಾ? ಹಳೇ ಲ್ಯಾಟಿನ್ ಭಾಷೇಲಿ ಅಪ್ಪ ಅನ್ನೋದಕ್ಕಿದ್ದ ಪದದಿಂದ. ಅಪ್ಪನಿಂದ ಪೋಷಕ, ಪೋಷಕ ಅಂದ್ರೆ ಎಲ್ಲರೂ ನೋಡಿ ನಡೆಯೋ ಮಾದರಿ."

"ಸರಿಯಾಗೇ ಇದೆ. ನೋಡಿ ನಡೀಬೇಕು, ಕಣ್ಣು ಮುಚ್ಕೊಂಡಲ್ಲ. ಅಪ್ಪ ನೆಟ್ಟ ಆಲದ ಮರ ಅಂತ ನಾನು ನೇಣು ಹಾಕ್ಕೊಳ್ಳಲ್ಲ."

"ಹಾಗಾದ್ರೆ ಮೊದಲು ಅವನ ಗುರುತು ಹೆರೆದು ಹಾಕು. ಆಗಲ್ವಾ, ಮುಟ್ಟಬೇಡ. ಎರಡೂ ಬಿಟ್ಟು ಮೂರನೇದು ಮಾಡಿದ್ರೆ ಈ ಮೇಜು ಬಿಡು."

ಆ ಮೇಜಿನಡಿಯ ಮರದ ಹೊಟ್ಟಿನಲ್ಲಿ ಆಡಿ ಬೆಳೆದವಳು; ಅದನ್ನು ಬಿಟ್ಟು ಅವಳಿಗೆ ಬೇರೆ ಏನಿತ್ತು? ಆದರೆ ಹಟದಲ್ಲಿ ಅವಳು ಅಪ್ಪನ ಮಗಳೇ. ಅಂದೇ ಮೂಲೆಗಳನ್ನೆಲ್ಲ ಹೆರೆದು, ಮೇಣ ತುಂಬಿ, ಹೆಬ್ಬೆರಳಿನಿಂದ ತೀಡಿ, ಎರಕಕ್ಕೆ ಕಳಿಸಿಬಿಟ್ಟಳು. ಅಪ್ಪನ ಗುರುತನ್ನು ಮುಟ್ಟಲಿಲ್ಲ.

ಚಕ್ರ ಮರಳಿನಿಂದ ಹೊರಬಂದಾಗ ಯಜಮಾನರೇ ಸುತ್ತಿಗೆಯಿಂದ ತಟ್ಟಿ ನೋಡಿದರು. ಬಿರುಕಿದ್ದರೆ ಸದ್ದು ಒಡಕಾಗಿ ಕೇಳುತ್ತದೆ. ಇದು ಗಂಟೆಯಂತೆ ಮೊಳಗಿತು. ಅಷ್ಟಕ್ಕೆ ಅವರೇನು ಪಟ್ಟು ಬಿಡುವ ಆಸಾಮಿಯಲ್ಲ. ನೆಟ್ಟಗೆ ಅವಳ ಮೇಜಿಗೆ ಬಂದರು.

"ಅವನ ಗುರುತು ಹೆರೆದ್ಯಾ?"

"ಇಲ್ಲ. ನಾನೂ ಅಪ್ಪನ ಕೈಯಲ್ಲೇ ಬೆಳೆದವಳು ತಾನೇ ದೊಡ್ಡಪ್ಪ. ಆಮೇಲೆ ಎಷ್ಟು ಸಲ ನನ್ನ ನಾನೇ ತಿದ್ಕೊಂಡಿದ್ದೀನಿ. ಅದಕ್ಕೆ ಅಪ್ಪನ ಹೆಸರು ಅಳಿಸ್ಕೊಂಡ್ನಾ? ಮೇಜು ಬೇಕಾದ್ರೆ ಕಿತ್ಕೊಳ್ಳಿ, ಅದನ್ನ ಮಾತ್ರ ಹೆರೆಯಲ್ಲ."

ಯಜಮಾನರು ಮೇಜಿನ ಮೇಲಿದ್ದ ಪ್ಯಾಟರ್ನಿನ ದುಂಡನೆಯ ಮೂಲೆಯನ್ನು ಸವರಿ ನೋಡಿದರು. ಗೆಳೆಯನ ನೆನಪಿಗೆ ಕಣ್ಣು ತುಂಬಿತ್ತು.

"ಹಾಗಾದ್ರೆ ಅವನ ಪಕ್ಕದಲ್ಲಿ ನಿನ್ನ ಗುರುತೂ ಹಾಕು."

"ತಿರುಗಿಸಿ ನೋಡಿ," ಎಂದಳು ಉಳಿಯಕ್ಕ. "ಆಗ್ಲೇ ಹಾಕಿದ್ದೀನಿ."