ಹಗೇವಿಗೆ ಇಳಿದ ಗಿಟಾರಿನ ಸದ್ದು

ಮೊನ್ನೆ ಹಾಸನದಲ್ಲಿ ನೆಂಟರ ಮನೆಯ ಆರತಕ್ಷತೆ. ಊಟದ ಹಾಲ್‌ಗೆ ನುಗ್ಗುವ ಜನರ ನಡುವೆ ಸಿಕ್ಕಿಕೊಳ್ಳುವುದು ಬೇಡವೆಂದು ಆರ್ಕೆಸ್ಟ್ರಾದವರ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಗಿಟಾರ್ ಹುಡುಗನ ಕಾಲಡಿ ವಿಭೂತಿ ಗಟ್ಟಿಗಿಂತ ತುಸು ದೊಡ್ಡದಾದ ನೀಲಿ ಪೆಟ್ಟಿಗೆಯೊಂದಿತ್ತು. ಅದನ್ನು ಶೂನಿಂದ ಒತ್ತಿದ. ಅಷ್ಟೇ. ಗಿಟಾರಿನ ಸದ್ದು ಎಲ್ಲೋ ಆಳಕ್ಕೆ ಇಳಿದು, ಅಲ್ಲೊಂದು ಸುತ್ತು ಹಾಕಿ, ಮೇಲಕ್ಕೆ ಬಂದ ಹಾಗೆ ಕೇಳಿಸಿತು. ಛತ್ರದ ತುಂಬ ಹೂವು, ಸೆಂಟು, ಸಾಂಬಾರಿನ ವಾಸನೆ. ನನ್ನ ಮೂಗಿಗೆ ಹೊಡೆದದ್ದು ಮಾತ್ರ ಹಳೇ ರಾಗಿಯ ಮುಗ್ಗಲು ವಾಸನೆ...

ಅರವತ್ತರ ದಶಕದ ಮಾತು. ನಾನು ಪಿಯುಸಿಯಲ್ಲಿ ಡುಮ್ಕಿ ಹೊಡೆದು ಒಂದು ಆರ್ಕೆಸ್ಟ್ರಾ ಪಾರ್ಟಿಯಲ್ಲಿ ಬೋಂಗೋ ಡ್ರಮ್ಮು ಬಡಿದುಕೊಂಡಿದ್ದೆ. ನಮ್ಮ ಪಾರ್ಟಿಯ ಗಿಟಾರು ನುಡಿಸುತ್ತಿದ್ದವನು ಹಾಸನದ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ನನಗಿಂತ ಏಳೆಂಟು ವರ್ಷ ದೊಡ್ಡವನು. ಗಿಟಾರಣ್ಣ ಅನ್ನುತ್ತಿದ್ದೆ. ಬಾಗೂರಿನ ಹತ್ತಿರದ ಒಂದು ಹಳ್ಳಿಯ ಕೇರಿಯಿಂದ ಬಂದವನು ಎಂದು ಗೊತ್ತಿತ್ತು. ಹಾಸನದಲ್ಲಿ ಅದೇನೂ ಅಡ್ಡ ಬಂದಿರಲಿಲ್ಲ. ಒಂದೇ ತಟ್ಟೆಯಲ್ಲಿ ಬೋಂಡಾ ತಿಂದವರು ನಾವು.

ಅವನ ಸಾಮಾನು ನೀವು ನೋಡಬೇಕಿತ್ತು. ಎರಡು ಗಿಟಾರು. ಒಂದು ಯಾರೋ ನಿವೃತ್ತ ಸಿಪಾಯಿಯಿಂದ ಕೊಂಡದ್ದು, ಎದೆ ಸೀಳಿ ಮರವಜ್ರದ ಅಂಟು ಕುಡಿದದ್ದು. ಇನ್ನೊಂದು ಹಳೇ ಬಾಗಿಲಿನ ಹೊನ್ನೆ ಹಲಗೆಯಲ್ಲಿ ಅವನೇ ಕೊರೆದದ್ದು. ಹೆಗಲಿಗೆ ಹಾಕಿಕೊಂಡರೆ ನೊಗ ಹೊತ್ತ ಹಾಗೆ. ಮಿಲಿಟರಿಯವರ ಕಿವಿಗೆ ಹಾಕುವ ಹಳೇ ಹೆಡ್‌ಫೋನ್ ಬಿಚ್ಚಿ, ಅದರ ಅಯಸ್ಕಾಂತ, ತಾಮ್ರದ ಸುರುಳಿಯನ್ನು ತಂತಿಗಳ ಕೆಳಗೆ ಕೂರಿಸಿದ್ದ. ಆಂಪ್ಲಿಫೈಯರ್ ಅಂದರೆ ಸತ್ತ ರೇಡಿಯೋಗಳ ಕರುಳೆಲ್ಲ ಸೇರಿಸಿದ ಒಂದು ತಗಡಿನ ಟ್ರಂಕು. ಸ್ವಿಚ್ ಹಾಕಿದರೆ ವಾಲ್ವುಗಳು ಕೆಂಪಗಾಗಿ, ಧೂಳು ಸುಟ್ಟ ವಾಸನೆ ಬಂದ ಮೇಲೇ ಸದ್ದು. ಅದನ್ನು ಬಸ್ಸಿನ ಮೇಲೆ ಹಾಕಲು ಬಿಡುತ್ತಿರಲಿಲ್ಲ. ಅದಕ್ಕೂ ಟಿಕೆಟ್ ತೆಗೆದು ಸೀಟಿನಲ್ಲಿ ಕೂರಿಸುತ್ತಿದ್ದ. ಒಮ್ಮೆ ಅರಕಲಗೂಡು ಬಸ್ಸಿನ ಕಂಡಕ್ಟರ್ ರೇಗಿದ. "ಏನಯ್ಯಾ, ಇದೇನ್ ನಿನ್ನ ಎಂಡ್ತಿಯಾ, ಸೀಟ್ ಕೊಟ್ಟು ಕೂರಿಸ್ಕಂಡಿದ್ದೀಯ?"

"ಎಂಡ್ತಿ ಆಗಿದ್ರೆ ನಿಂತ್ಕಳೋಳು ಸಾ. ಇದು ನಿಂತ್ರೆ ಬೀಳ್ತದೆ."

ಆದರೆ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಟ್ರಂಕಿಗಲ್ಲ, ಗುಂಗಿಗೆ. ಈಗ ಆ ನೀಲಿ ಪೆಟ್ಟಿಗೆ ಮಾಡುವ ಕೆಲಸವನ್ನು ಅವನು ಊರೂರಿನ ಗೋಡೆಗಳಿಂದ ಮಾಡಿಸುತ್ತಿದ್ದ. ಖಾಲಿ ಜಾಗವೊಂದನ್ನು ಹುಡುಕಿ ಅದರೊಳಗೆ ಒಂದು ಸ್ಪೀಕರು, ಒಂದು ಮೈಕು ಇಡುವುದು. ಗಿಟಾರಿನ ಸದ್ದು ವೈರಿನಲ್ಲಿ ಒಳಗೆ ಹೋಗಿ ಗೋಡೆಗೆ ಬಡಿದು ಗುಂಯ್ ಅನ್ನುವುದು. ಆ ಗುಂಗನ್ನು ಮೈಕು ಹಿಡಿದು ಹೊರಗಿನ ಹಾರನ್ ಸ್ಪೀಕರಿಗೆ ಕಳಿಸುವುದು. ಅರಕಲಗೂಡಿನಲ್ಲಿ ನೀರು ತುಂಬದ ಹೊಸ ಸಿಮೆಂಟ್ ತೊಟ್ಟಿ, ಹೊಳೆನರಸೀಪುರದಲ್ಲಿ ಖಾಲಿ ಕಲ್ಲು ಗೋದಾಮು. ಯಾವ ಊರಿಗೆ ಹೋದರೂ ಮೊದಲು ಗೋಡೆಗಳ ಮುಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದ. ಜನ ಇವನಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು. ಸಂಜೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಬಾಗೂರಿನಲ್ಲಿ ನನ್ನ ಸೋದರಮಾವನ ಮಗಳ ಮದುವೆ. ಧಾರೆಯ ದಿನ ಸಂಜೆ ನಮ್ಮದೇ ಪಾರ್ಟಿ. ಗಂಡಿನ ಕಡೆಯಿಂದ ಮೈಸೂರಿನ ಆರ್ಕೆಸ್ಟ್ರಾ ಯಜಮಾನರೊಬ್ಬರು ಬರುವವರಿದ್ದರು. "ಆ ಗುಂಗಿನ ಗಿಟಾರು ಕೇಳಿ ನೋಡ್ತೀನಿ, ಹಿಡಿಸಿದ್ರೆ ಕರ್ಕೊಂಡು ಹೋಗ್ತೀನಿ" ಅಂತ ಹೇಳಿ ಕಳಿಸಿದ್ದರು. ಗಿಟಾರಣ್ಣ ಹಿಂದಿನ ರಾತ್ರಿ ಶರ್ಟಿಗೆ ಇಸ್ತ್ರಿ ಹಾಕಿಸಿದ್ದ. ಅವನು ಇಸ್ತ್ರಿ ಹಾಕಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾವನ ಮನೆಗೆ ಹೋಗಿ ಚಪ್ಪಾಳೆ ತಟ್ಟಿದ್ದೇ ಬಂತು. ಮನೆ ಮುಂದಿನ ಹಟ್ಟಿ, ಪಡಸಾಲೆ, ಕೊಟ್ಟಿಗೆ... ಯಾವುದೂ ಗುಂಯ್ ಅನ್ನಲಿಲ್ಲ. ಉಳಿದದ್ದು ಹಟ್ಟಿಯ ನೆಲದಡಿಯ ಹಗೇವು. ನಮ್ಮ ಕಡೆ ರಾಗಿ ತುಂಬಿಡಲು ನೆಲದೊಳಗೆ ತೋಡುವ ಕಣಜ ಅದು. ಬಾಯಿ ಒಬ್ಬ ಮನುಷ್ಯ ನುಸುಳುವಷ್ಟೇ, ಹೊಟ್ಟೆ ಒಂದು ಕೋಣೆಯಷ್ಟು. ಮದುವೆ ಅಡುಗೆಗೆಂದು ರಾಗಿಯನ್ನೆಲ್ಲ ಎತ್ತಿ, ಮತ್ತೆ ಬಾಯಿಗೆ ಚಪ್ಪಡಿ ಮುಚ್ಚಿದ್ದರು. ನಾವು ಚಪ್ಪಡಿ ಸರಿಸಿದೆವು. ಅವನು ಬಗ್ಗಿ ಒಂದು ಚಪ್ಪಾಳೆ ತಟ್ಟಿದ. ಒಳಗಿಂದ ಬಂದ ಸದ್ದಿಗೆ ನನ್ನ ಮೈ ಜುಮ್ಮೆಂದಿತು. ಅವನು ಮಾತ್ರ ಎರಡು ಹೆಜ್ಜೆ ಹಿಂದಕ್ಕೆ ಸರಿದ.

ಹಗ್ಗದಲ್ಲಿ ಸ್ಪೀಕರು, ಮೈಕು ಇಳಿಬಿಟ್ಟು ನೋಡಿದೆವು. ಮೈಕು ತಿರುಗಿ ತಿರುಗಿ ಸ್ಪೀಕರಿಗೇ ಮುಖ ಮಾಡಿ ಕುಯ್ಯೋ ಎಂದು ಕಿರುಚಿತು. ಒಬ್ಬರು ಇಳಿದು, ಮೈಕಿನ ಮೂತಿಯನ್ನು ಗೋಡೆಗೆ ತಿರುಗಿಸಿ ಇಡಬೇಕು, ಬೇರೆ ದಾರಿಯಿಲ್ಲ. ಅಷ್ಟರಲ್ಲಿ ಮಾವ ಬಂದರು.

"ಯಾಕ್ಲಾ, ಇನ್ನೂ ಅಣಿಯಾಗ್ನಿಲ್ವಾ? ಬೀಗ್ರು ಕಾಪಿ ಕುಡುದು ಕುಂತವ್ರೆ. ಅವನ್ನ ಇಳಿಸ್ಲಾ ಅತ್ಲಾಗೆ. ಅಗೇವಿಗಿಳಿಯೋದು ಕೇರಿಯೋರ ಕೆಲ್ಸ ತಾನೆ?"

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಮಾವನಿಗೆ ಕೇಳಿಸಲಿ ಎಂದೇ ಗಟ್ಟಿಯಾಗಿ ಅಂದೆ: "ಲೇ, ಇಳಿದ್ಬುಡ್ಲಾ. ಎರಡ್ ನಿಮಿಷದ ಕೆಲ್ಸ."

ಹಾಸನದಲ್ಲಿ ಅಣ್ಣ ಆಗಿದ್ದವನು ಬಾಗೂರಿನ ಹಟ್ಟಿಯಲ್ಲಿ ಲೇ ಆಗಿದ್ದ. ಅವನು ನನ್ನ ಮುಖವನ್ನೊಮ್ಮೆ ನೋಡಿ ಮಾವನ ಕಡೆ ತಿರುಗಿದ. ದನಿ ಏರಲಿಲ್ಲ.

"ನಾನು ಇಳಿಯಾಕಿಲ್ಲ ಗೌಡ್ರೇ. ನಮ್ಮಪ್ಪ ನಮ್ಮೂರಲ್ಲಿ ಇಂಗೇ ಇಳುದು ಜೀವಂತ ಮೇಲಕ್ ಬರ್ನಿಲ್ಲ. ಒಳಗೆ ಕೆಟ್ಟ ಗಾಳಿ ಅದ್ಯಾ ಅಂತ ದೀಪ ಬುಟ್ಟು ನೋಡಕ್ಕೂ ಪುರುಸೊತ್ತಿರ್ನಿಲ್ಲ ಇಳಿಸ್ದೋರ್ಗೆ. ನಮ್ಮವ್ವಂಗೆ ಮಾತು ಕೊಟ್ಟಿವ್ನಿ."

"ಅಂಗಾದ್ರೆ ಪೆಟ್ಗೆ ಕಟ್ಕಂಡು ಓಗು. ನನ್ ಮಗಳ್ ಮದ್ವೆ ನಿನ್ ಗಿಟಾರಿಲ್ದೆ ನಿಂತೋಗಾಕಿಲ್ಲ."

ಅವನು ಸರಿ ಎಂದು ವೈರನ್ನು ಅಂಗೈಯಿಂದ ಮೊಣಕೈಗೆ ನೀಟಾಗಿ ಸುತ್ತತೊಡಗಿದ. ಮೈಸೂರು, ಆರ್ಕೆಸ್ಟ್ರಾ, ಇಸ್ತ್ರಿ ಶರ್ಟು, ಎಲ್ಲವನ್ನೂ ಸುತ್ತಿಡುತ್ತಿದ್ದಾನೆ ಅನ್ನಿಸಿತು ನನಗೆ.

"ಅಣ್ಣ, ನಾನು ಇಳೀತೀನಿ" ಅಂದೆ.

"ಈಗ ಅಣ್ಣ ಆದ್ನಾ?" ಅಂದ. "ದೀಪ ತಗಂಬಾ ಮೊದ್ಲು."

ಲಾಟೀನನ್ನು ಹಗ್ಗಕ್ಕೆ ಕಟ್ಟಿ ಅವನೇ ಇಳಿಬಿಟ್ಟ. ಅರ್ಧಕ್ಕೆ ಹೋಗುತ್ತಿದ್ದಂತೆ ಬತ್ತಿ ಸಣ್ಣಗಾಯಿತು. ಆಮೇಲೆ ಆರಿಹೋಯಿತು.

ನನ್ನ ಮಾತು ಕೇಳಿ ಅವನು ಇಳಿದಿದ್ದರೆ... ಮಾವ ಹೆಗಲ ಟವೆಲ್ಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಬೀಗ್ರಿಗೆ ಇನ್ನೊಂದ್ ಸುತ್ತು ಕಾಪಿ ಕೊಡ್ರಮ್ಮಿ" ಎಂದು ಒಳಕ್ಕೆ ಕೂಗಿ, ಅಲ್ಲೇ ಕಲ್ಲಿನ ಮೇಲೆ ಕೂತರು.

ಸೊಪ್ಪು ತುಂಬಿದ ಬೇವಿನ ಕೊಂಬೆಯೊಂದನ್ನು ಕಡಿದು ಹಗ್ಗ ಕಟ್ಟಿ, ಒಂದು ಗಂಟೆ ಹೊತ್ತು ಹಗೇವಿನೊಳಗೆ ಏರಿಸಿ ಇಳಿಸಿ ಗಾಳಿ ಆಡಿಸಿದೆವು. ಎರಡನೇ ಸಲ ಆರಿದ ದೀಪ ಮೂರನೇ ಸಲ ತಳ ಮುಟ್ಟಿ, ಉರಿಯುತ್ತಲೇ ಮೇಲೆ ಬಂತು. ನನ್ನ ಸೊಂಟಕ್ಕೆ ಹಗ್ಗ ಬಿಗಿದು ಅವನೇ ಹಿಡಿದುಕೊಂಡ. ಗೌಡರ ಸೋದರಳಿಯ ಹಗೇವಿಗೆ ಇಳಿಯುವುದನ್ನು ನೋಡಲು ಚಪ್ಪರದ ಜನವೆಲ್ಲ ಬಂತು. "ಮಾವನ ಮಗಳು ಕೈ ತಪ್ಪಿದ್ದಕ್ಕೆ ಗುಂಡಿಗೆ ಬೀಳ್ತಾವ್ನೆ ಕಣ್ರಮ್ಮಿ" ಎಂದು ನಮ್ಮತ್ತೆ ಅಂದದ್ದು ಕೆಳಗೂ ಕೇಳಿಸಿತು.

"ಮಾತಾಡ್ತಾನೇ ಇರು. ನಿಲ್ಲುಸ್ಬ್ಯಾಡ" ಎಂದು ಅವನು ಮೇಲಿಂದ ಕೂಗಿದ. ಏನು ಮಾತಾಡುವುದು? ಮಗ್ಗಿ ಹೇಳಿದೆ. ಹದಿನೇಳರ ಮಗ್ಗಿ ಅಲ್ಲಿ ದೇವಸ್ಥಾನದ ಮಂತ್ರದ ಹಾಗೆ ಸುತ್ತುತ್ತಿತ್ತು. ಮೈಕು ತಿರುಗಿಸಿಟ್ಟು ಹೊಟ್ಟು, ಧೂಳು ಬಳಿದುಕೊಂಡು ಮೇಲೆ ಬಂದಾಗ ಅವನ ಅಂಗೈಯಲ್ಲಿ ಹಗ್ಗದ ಬರೆ ಎದ್ದಿತ್ತು. ಗಂಟು ಬಿಚ್ಚುತ್ತಾ ನನಗೊಬ್ಬನಿಗೇ ಕೇಳುವಂತೆ ಅಂದ: "ನಮ್ಮಪ್ಪ ಒಳಗಡೆ ಪದ ಯೇಳೋನು ಕಣ್ಲಾ. ನಾನು ಮೇಲೆ ಕುಂತು ಕೇಳ್ತಿದ್ದೆ. ಅದೇ ಸದ್ದು... ಇಷ್ಟ್ ದಿನ ಗ್ವಾಡೆ ಗ್ವಾಡೆ ತಟ್ಟಿ ಉಡುಕ್ತಿದ್ದೆ."

ಆ ಸಂಜೆ ಅವನು ನುಡಿಸಿದ್ದನ್ನು ಬರೆಯಲು ನನಗೆ ಬರುವುದಿಲ್ಲ. ಹಟ್ಟಿಯ ನೆಲವೇ ಹಾಡಿದ ಹಾಗಿತ್ತು. ಮೈಸೂರಿನವರು ಎರಡನೇ ಹಾಡಿಗೇ ಎದ್ದು ಬಂದು, ಸ್ಪೀಕರು ಎಲ್ಲಿಟ್ಟಿದ್ದೀಯಪ್ಪ ಎಂದು ಕೇಳಿದರು. ಮಾವ ಕಾಲಿಂದ ನೆಲ ತಟ್ಟಿ ತೋರಿಸಿದರು.

ತಿಂಗಳೊಳಗೆ ಅವನು ಟ್ರಂಕಿಗೊಂದು, ತನಗೊಂದು ಟಿಕೆಟ್ ತೆಗೆದುಕೊಂಡು ಮೈಸೂರು ಬಸ್ಸು ಹತ್ತಿದ. ನಾನು ತಪ್ಪಾಯ್ತು ಅನ್ನಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಆಮೇಲೆ ಪತ್ರ, ಆಮೇಲೆ ಪತ್ರವೂ ಇಲ್ಲ... ಅವನು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮೂರು ತಿಂಗಳ ಮೇಲೆ, ಯಾರೋ ತಬಲದವನ ಬಾಯಿಂದ. ಮಾವನ ಹಗೇವಿನ ಮೇಲೆ ಈಗ ಕಾಂಕ್ರೀಟು, ಅದರ ಮೇಲೆ ಮೊಮ್ಮಗನ ಕಾರು.

ಆರತಕ್ಷತೆಯ ಹಾಡು ಮುಗಿದ ಮೇಲೆ ಆ ಗಿಟಾರ್ ಹುಡುಗನನ್ನು ನೀಲಿ ಪೆಟ್ಟಿಗೆಯ ಬಗ್ಗೆ ಕೇಳಿದೆ. ನಗುತ್ತಾ ಗುಂಡಿ ತಿರುಗಿಸಿ ತೋರಿಸಿದ. "ಇದು ರೂಮು ಅಂಕಲ್, ಇದು ಹಾಲ್, ಇದು ಗುಹೆ. ಇನ್ನೂ ಆಳಕ್ಕೆ ಬೇಕಾ?"

"ತಡಿಯಪ್ಪ" ಅಂದೆ. "ಮೊದ್ಲು ದೀಪ ಬುಟ್ಟು ನೋಡ್ಬೇಕು."

ಹುಡುಗ ಅರ್ಥವಾಗದೆ ನಕ್ಕ. ಅರ್ಥವಾಗಿ ನಗುತ್ತಿದ್ದವನು ಗಿಟಾರಣ್ಣ ಒಬ್ಬನೇ ಇದ್ದ.