ಮಗಳ ಫೇರ್ ರೆಕಾರ್ಡ್

ಇಲ್ಲಿ ತಿರುವನಂತಪುರದ ಕನ್ನಡ ಸಂಘದವರು ತಮ್ಮ ವಾರ್ಷಿಕ ಸಂಚಿಕೆಗೆ ನನ್ನಿಂದ ಒಂದು ಲೇಖನ ಕೇಳಿದ್ದಾರೆ. ಬೆಳೆದ ಮಕ್ಕಳ ಓದಿಗೆ ಅಪ್ಪ ಅಮ್ಮ ಹೇಗೆ ಒತ್ತಾಸೆಯಾಗಬೇಕು, ಅವರಿಗೆ ಜವಾಬ್ದಾರಿ ಹೇಗೆ ಕಲಿಸಬೇಕು ಎಂಬುದು ವಿಷಯ. ನನ್ನ ಮಗಳು ಕೊಚ್ಚಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ, ನನಗಿರುವ ಅರ್ಹತೆ ಅಷ್ಟೆ. ಬರೀ ಎಸ್ಸೆಸ್ಸೆಲ್ಸಿ ಓದಿದ ನೀವು ಮಗಳನ್ನು ಹೇಗೆ ಇಷ್ಟು ಮುಂದೆ ತಂದಿರಿ, ಅದನ್ನೇ ಬರೆಯಿರಿ ಎಂದರು. ನಾನು ಮಾಡಿದ್ದನ್ನು ಬರೆಯುತ್ತೇನೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಸೇರಿದ್ದು.

ನಾನು ತುಮಕೂರಿನ ಕಡೆಯವನು. ಕೇಂದ್ರ ಸರ್ಕಾರದ ಕಚೇರಿಯೊಂದರ ಅಟೆಂಡರಾಗಿ ಕೊಚ್ಚಿಗೆ ಬಂದೆ, ಆಮೇಲೆ ಅಲ್ಲೇ ಟಪಾಲು ರವಾನಿಸುವ ವಿಭಾಗದಲ್ಲಿ ಗುಮಾಸ್ತನಾದೆ. ಫೋರ್ಟ್ ಕೊಚ್ಚಿಯಲ್ಲಿ ಬಾಡಿಗೆ ಮನೆ. ಮಗಳು ಬೋಟಿನಲ್ಲಿ ಹಿನ್ನೀರು ದಾಟಿ ಎರ್ನಾಕುಲಂನ ಸ್ಕೂಲಿಗೆ ಹೋಗುತ್ತಿದ್ದಳು. ಬೋಟಿನ ಹೊತ್ತು ನೋಡಿಕೊಳ್ಳುವುದು, ಬ್ಯಾಗು ಜೋಡಿಸುವುದು, ಪರೀಕ್ಷೆಗೆ ಓದುವುದು ಎಲ್ಲ ಅವಳದೇ. ಒಮ್ಮೆ ಬೋಟು ತಪ್ಪಿ ತಡವಾದಾಗ ತಾನೇ ಹೆಡ್‌ಮಿಸ್ಟ್ರೆಸ್ ಹತ್ತಿರ ಹೋಗಿ ಹೇಳಿ, ಸಂಜೆ ಮನೆಗೆ ಬಂದು ನಮಗೂ ಹೇಳಿದ್ದಳು. ಅಂಥ ಹುಡುಗಿಯನ್ನು ನಾನು ಕೈಲಾಗದವಳನ್ನಾಗಿ ಮಾಡಲು ಹೊರಟೆ.

ಅವಳು ಪ್ಲಸ್ ಒನ್, ಅಂದರೆ ನಮ್ಮ ಕಡೆಯ ಮೊದಲ ಪಿಯುಸಿ, ಸೇರುವ ವರ್ಷ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಇಲ್ಲಿ ಕ್ವಾರ್ಟರ್ಸಿನ ತುಂಬ ದೊಡ್ಡ ದೊಡ್ಡ ಓದು ಓದಿದವರು. ಅವರ ಮಕ್ಕಳ ಎಂಜಿನಿಯರಿಂಗ್, ಮೆಡಿಕಲ್ ಎಂಟ್ರೆನ್ಸ್ ಕೋಚಿಂಗಿನ ಮಾತು ಕೇಳಿ ಕೇಳಿ ನನಗೆ ಹೆದರಿಕೆ ಹಿಡಿಯಿತು. ಹೇಳಿಕೊಡಲು ನನಗೆ ಬರುವುದಿಲ್ಲ, ಬರುವುದನ್ನೆಲ್ಲ ಮಾಡತೊಡಗಿದೆ. ಗೋಡೆಗೆ ಟೈಮ್ ಟೇಬಲ್ ಅಂಟಿಸಿದೆ, ಅವಳ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ, ಬೆಳಿಗ್ಗೆ ಎಬ್ಬಿಸುವವನೂ ನಾನೇ, ಬ್ಯಾಗು ತುಂಬುವವನೂ ನಾನೇ. ಪೆನ್ಸಿಲ್ ಚೂಪು ಮಾಡಿಕೊಡುತ್ತಿದ್ದಾಗ ಹೆಂಡತಿ, "ಪರೀಕ್ಷೆಗೂ ನೀವೇ ಹೋಗಿ ಕೂತ್ಬಿಡಿ, ಅವಳು ಮನೇಲಿ ದೋಸೆ ತಿನ್ಕೊಂಡು ಇರ್ಲಿ" ಎಂದಳು. ನಾನು ನಕ್ಕುಬಿಟ್ಟೆ.

ಪ್ಲಸ್ ಟೂ ಪ್ರಾಕ್ಟಿಕಲ್ಲಿಗೆ ಮಕ್ಕಳು ತಾವು ಮಾಡಿದ ಪ್ರಯೋಗಗಳನ್ನು ಮೊದಲು ಒಂದು ರಫ್ ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ಫೇರ್ ರೆಕಾರ್ಡಿಗೆ ನೀಟಾಗಿ ಇಳಿಸಬೇಕು. ಟೀಚರ್ ಅದಕ್ಕೆ ಸಹಿ ಹಾಕದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ನನ್ನ ಅಕ್ಷರ ದುಂಡಗೆ ಚೆನ್ನಾಗಿದೆ ಎಂದು ಕಚೇರಿಯಲ್ಲಿ ಹೆಸರಿತ್ತು. ಬರೆಯುವ ಹೊತ್ತು ಉಳಿದರೆ ಎಂಟ್ರೆನ್ಸಿಗೆ ಓದಬಹುದಲ್ಲ ಎಂದು ಫಿಸಿಕ್ಸ್ ರೆಕಾರ್ಡನ್ನು ನಾನೇ ತೆಗೆದುಕೊಂಡೆ. ಬೇಡ ಅಪ್ಪ, ನಾನೇ ಬರೀತೀನಿ ಎಂದಳು. ನೀನು ಓದು, ಬರೆಯೋದು ನನಗೆ ಬಿಡು ಎಂದು ಗದರಿದೆ. ಊಟದ ಬಿಡುವಿನಲ್ಲಿ ರವಾನೆಯ ಮೇಜಿನ ಮೇಲೆ ಒಂದೊಂದೇ ಪ್ರಯೋಗ ಇಳಿಸಿದೆ. ಮೀಟರ್ ಬ್ರಿಡ್ಜ್ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ, ಚಿತ್ರ ಮಾತ್ರ ಸ್ಕೇಲಿಟ್ಟು ಬಹಳ ಚೆನ್ನಾಗಿ ಬರೆದೆ.

ಪರೀಕ್ಷೆಗೆ ಎರಡು ವಾರವಿದ್ದಾಗ ಸ್ಕೂಲಿನಿಂದ ಕರೆ ಬಂತು, ಹೋದೆ. ಫಿಸಿಕ್ಸ್ ಟೀಚರ್ ನಡುವಯಸ್ಸಿನ ಹೆಂಗಸು, ಮೃದುವಾಗಿ ಮಾತಾಡುವವರು. ರೆಕಾರ್ಡನ್ನೂ ಮಗಳ ಉತ್ತರಪತ್ರಿಕೆಯನ್ನೂ ಅಕ್ಕಪಕ್ಕ ಇಟ್ಟು, ಮಗೂ, ಇದನ್ನು ಬರೆದವರು ಯಾರು ಎಂದು ಮಲಯಾಳದಲ್ಲಿ ಕೇಳಿದರು. ಮಗಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ನಮ್ಮ ಕಚೇರಿಯವರೊಬ್ಬರ ಹೆಂಡತಿಯೂ ಅದೇ ಸ್ಕೂಲಿನಲ್ಲಿ ಟೀಚರ್. ಸಂಜೆಯೊಳಗೆ ಕ್ವಾರ್ಟರ್ಸಿಗೆಲ್ಲ ಗೊತ್ತಾಗುತ್ತದೆ ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು. ಕಾಲೇಜಿಗೆ ಹೋಗುವ ಗುರುತಿನ ಅಕ್ಕ ಒಬ್ಬರ ಕೈಯಲ್ಲಿ ಬರೆಸಿದೆ ಎಂದಳು ಮಗಳು. ಟೀಚರ್ ನನ್ನ ಕಡೆ ತಿರುಗಿ ಅಪ್ಪನಿಗೆ ಗೊತ್ತಿತ್ತೇ ಎಂದರು. ಗೊತ್ತಿರಲಿಲ್ಲ ಟೀಚರ್ ಎಂದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅಪ್ಪನೆನ್ನಿಸಿಕೊಳ್ಳಬೇಕಲ್ಲ, ಮಗಳ ಕಡೆ ತಿರುಗಿ ಜೋರು ಮಾಡಿದೆ. "ಎಷ್ಟು ಸಲ ಹೇಳಿದೀನಿ ನಿನಗೆ, ನಿನ್ನ ಕೆಲಸ ನೀನೇ ಮಾಡ್ಕೋಬೇಕು ಅಂತ?"



ಟೀಚರ್ ಒಂದು ಬಿಳಿ ಹಾಳೆ ಕೊಟ್ಟು, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ ಎಂದು ಅಲ್ಲೇ ಕೂತು ಇಂಗ್ಲಿಷಿನಲ್ಲಿ ಬರೆದುಕೊಡಲು ಹೇಳಿದರು. ಪೆನ್ನು ಹಿಡಿದಾಗ ನನಗೆ ಹೊಳೆಯಿತು, ನನ್ನ ದುಂಡು ಅಕ್ಷರ ಆ ರೆಕಾರ್ಡಿನ ಪಕ್ಕದಲ್ಲೇ ಕೂರುತ್ತದೆ ಎಂದು. ಅಕ್ಷರ ಬದಲಿಸಿದೆ. ಒಂದನ್ನು ಎಡಕ್ಕೆ ಬಾಗಿಸಿ, ಒಂದನ್ನು ಬಲಕ್ಕೆ ಎಳೆದು, ಈಗ ತಾನೆ ಬರೆಯಲು ಕಲಿತವನ ಹಾಗೆ ನಾಲ್ಕು ಸಾಲು ಗೀಚಿದೆ. ಟೀಚರಿಗೆ ತಿಳಿಯಿತೋ ಇಲ್ಲವೋ, ಹಾಳೆಯನ್ನು ಮಡಿಸಿಟ್ಟುಕೊಂಡರು. ಮಗಳು ನನ್ನ ಕುರ್ಚಿಯ ಪಕ್ಕ ನಿಂತು ಒಂದೊಂದು ಅಕ್ಷರವನ್ನೂ ನೋಡಿದಳು.

ಮನೆಯಲ್ಲಿ ಅವಳ ಮಾತೆಲ್ಲ ಮಲಯಾಳ. ಆವತ್ತು ಬಸ್ಸಿನಲ್ಲಿ ಕನ್ನಡದಲ್ಲಿ ಹೇಳಿದಳು: "ಪರೀಕ್ಷೆ ಮುಗಿಯೋವರೆಗೂ ನನ್ನ ರೂಮಿಗೆ ಬರಬೇಡ ಅಪ್ಪ." ನಾನು ಹೋಗಲಿಲ್ಲ. ಒಂಬತ್ತು ದಿನದಲ್ಲಿ ಇಡೀ ರೆಕಾರ್ಡನ್ನು ಮತ್ತೆ ಬರೆದಳು. ಬೆಳಿಗ್ಗೆ ತಾನೇ ಎದ್ದಳು. ಪ್ರಾಕ್ಟಿಕಲ್ಲಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು ಎಂಬುದನ್ನು ಅವಳ ಅಮ್ಮನಿಂದ ಕೇಳಿ ತಿಳಿದೆ. ಎಂಟ್ರೆನ್ಸ್ ಬರೆಯುವುದಿಲ್ಲ ಎಂದದ್ದೂ, ಯಾವ ಕಾಲೇಜಿಗೆ ಸೇರಿದಳೆಂಬುದೂ ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಜನ ಅದನ್ನು ಜವಾಬ್ದಾರಿ ಎಂದರು. ಹೌದು, ನಾನು ಬೆಳೆಸಿದ್ದು ಹಾಗೆ ಎಂದು ನಾನೂ ಹೇಳಿಕೊಂಡು ತಿರುಗಿದೆ, ಇಷ್ಟು ವರ್ಷ.

ಇಷ್ಟನ್ನು ಬರೆದ ಮೇಲೆ ಮೊನ್ನೆ ಭಾನುವಾರ ಹಾಳೆಗಳ ಫೋಟೋ ತೆಗೆದು ಅವಳಿಗೆ ಕಳಿಸಿದೆ. ಓದಿಕೊಳ್ಳಲಿ, ಎದುರಿಗೆ ಹೇಳುವ ಕಷ್ಟ ತಪ್ಪುತ್ತದೆ ಎಂದು ಎಣಿಸಿದ್ದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ಕಳಿಸಿದ ಮೇಲೆ ನೆನಪಾಯಿತು. ಅದರಿಂದ ಮಾರ್ಕ್ಸ್ ಬರುವುದಿಲ್ಲ ಎಂದುಕೊಂಡು ನಾನೇ ಅವಳಿಗೆ ಓದಲು ಕಲಿಸಿರಲಿಲ್ಲ. ಹತ್ತು ನಿಮಿಷಕ್ಕೆ ಫೋನ್ ಬಂತು. ಏನು ಬರೆದಿದೀಯ, ಓದು ಎಂದಳು. ಆಮೇಲೆ ಓದುತ್ತೇನೆ ಎಂದರೆ, ನನಗೆ ಈಗಲೇ ಬಿಡುವು ಎಂದಳು.

ಓದಿದೆ. ಬೋಟಿನ ಭಾಗಕ್ಕೆ ನಕ್ಕಳು. ಟೀಚರ್ ಎದುರಿಗೆ ಅವಳನ್ನು ಗದರಿದ ಸಾಲಿಗೆ ಬಂದು ನಿಂತುಬಿಟ್ಟೆ.

"ಮುಂದೆ?"

"ಮುಂದಿಂದು ನಿನಗೇ ಗೊತ್ತಲ್ಲ ಮಗಳೇ."

"ನನಗೆ ಗೊತ್ತು. ನಿನ್ನ ಬಾಯಿಂದ ಕೇಳಬೇಕು."

ಹಾಳೆಯ ಮೇಲಿನ ಸಾಲುಗಳು ಕಲಸಿಕೊಂಡವು. ಆದರೂ ಅಕ್ಷರ ಬದಲಿಸಿದ್ದನ್ನು ಓದಿದೆ, ಕೊನೆಯವರೆಗೂ ಓದಿದೆ.  ಅಮ್ಮನಿಗೆ ಇದು ಗೊತ್ತಾ ಎಂದು ಕೇಳಿದಳು. ಇಲ್ಲ ಎಂದೆ. ಅಮ್ಮನೂ ಇಷ್ಟು ವರ್ಷ ನಾನೇ ತಪ್ಪು ಮಾಡಿದ್ದು ಅಂದುಕೊಂಡಿದಾಳೆ, ಅವಳನ್ನೂ ಕೂರಿಸಿಕೊಂಡು ಓದು ಎಂದು ಫೋನಿಟ್ಟಳು.

ಹೆಂಡತಿ ಅಡುಗೆಮನೆಯಲ್ಲಿ ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದಳು. ಹೋಗಿ ಕರೆದೆ.