ಅನುಮಾನದ ಪಿಟೀಲು ಟೀಚರ್

ಅವರ ಬಲಗಾಲಿನ ಹರಡಿನ ಮೇಲೆ ಹುಣಸೆ ಬೀಜದಷ್ಟು ದೊಡ್ಡ ಕಪ್ಪು ಜಡ್ಡೊಂದಿತ್ತು. ನೆಲದ ಮೇಲೆ ಕೂತು, ಪಿಟೀಲಿನ ತುದಿಯನ್ನು ಅಲ್ಲಿ ಊರಿಕೊಂಡು ಜೀವಮಾನವಿಡೀ ನುಡಿಸಿದ್ದರ ಗುರುತು. ಪಾಠದ ಹೊತ್ತಿನಲ್ಲಿ ಅವರ ಮುಖ ನೋಡುವ ಧೈರ್ಯವಿಲ್ಲದೆ ನಾನು ಆ ಜಡ್ಡನ್ನೇ ನೋಡುತ್ತಾ ಕೂರುತ್ತಿದ್ದೆ.

ಅವರು ಯಳಂದೂರಿನಲ್ಲಿ ನಮಗೆ ಹೈಸ್ಕೂಲಿನ ಸಂಗೀತದ ಟೀಚರಾಗಿದ್ದರು. ಮನೆ ಕೊಳ್ಳೇಗಾಲ. ಬೇಸಿಗೆ ರಜೆ ಬಂತೆಂದರೆ ಅಲ್ಲೇ ಒಂದು ಛತ್ರದಲ್ಲಿ ಪಿಟೀಲು, ವೀಣೆಯ ಶಿಬಿರ ನಡೆಸುತ್ತಿದ್ದರು. ಮಾಂಬಳ್ಳಿಯಿಂದ ಬಸ್ಸು ಹತ್ತಿ ನಾನೂ ಹೋಗುತ್ತಿದ್ದೆ. ಪಿಟೀಲು ಅವರದೇ, ನನಗೆಂದು ಕೊಟ್ಟಿದ್ದು.

ಟೀಚರು ಯಾವುದನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಬಸ್ಸು ಎಲ್ಲಿಗೆ ಹೋಗುತ್ತದೆಂದು ಕಂಡಕ್ಟರನ್ನು ಕೇಳಿ, ಸಾಲದೆಂದು ಡ್ರೈವರನ್ನೂ ಕೇಳುತ್ತಿದ್ದರು. ಶ್ರುತಿಪೆಟ್ಟಿಗೆಗೆ ಕಿವಿಯಿಟ್ಟು, "ಇದು ಬೆಳಿಗ್ಗೆ ಇದ್ದ ಹಾಗಿಲ್ಲ" ಎನ್ನುತ್ತಿದ್ದರು. ನಮ್ಮಲ್ಲಿ ಯಾರಾದರೂ ಚೆನ್ನಾಗಿ ನುಡಿಸಿದರೆ ಅವರಿಗೆ ಇನ್ನೂ ಅನುಮಾನ. ಸದ್ದಿಲ್ಲದೆ ಹಿಂದಿನಿಂದ ಬಂದು, ಪಿಟೀಲಿನ ಕತ್ತು ಹಿಡಿದಿರುವ ಎಡಗೈ ಹೆಬ್ಬೆರಳನ್ನು ಬೆರಳ ತುದಿಯಿಂದ ತಟ್ಟುತ್ತಿದ್ದರು. ಹೆಬ್ಬೆರಳು ಸಡಿಲವಾಗಿ ಅಲುಗಾಡಬೇಕು. ಅಲುಗಾಡದಿದ್ದರೆ, "ಬಿಗಿ ಹಿಡ್ಕೊಂಡು ಸುಳ್ಳು ಹೇಳ್ತಿದೀಯ ಕಣೇ, ಮೊದಲಿಂದ ನುಡಿಸು."

ನಾನು ಹತ್ತನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಶಿಬಿರಕ್ಕೆ ಮೈಸೂರಿನಿಂದ ಒಬ್ಬ ವಿದ್ವಾಂಸರು ಅತಿಥಿಯಾಗಿ ಬಂದರು. ದೊಡ್ಡ ಹೆಸರು, ಮೆತ್ತಗಿನ ಮಾತು. ಎಲ್ಲ ಮಕ್ಕಳ ತಲೆ ನೇವರಿಸಿದರು. ನಾನು ನುಡಿಸಿದಾಗ ಕಣ್ಣು ಮುಚ್ಚಿ ಕೇಳಿ, "ಈ ಮಗುವಿನ ಕೈಯಲ್ಲಿ ದೈವ ಇದೆ. ನಮ್ಮ ಮನೆಗೆ ಕಳಿಸಿಕೊಡಿ. ಅಲ್ಲೇ ಇದ್ದು ಕಲಿಯಲಿ, ಕಾಲೇಜಿಗೂ ಹೋಗಲಿ" ಎಂದರು. ಛತ್ರದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

"ದೈವ ಇದ್ದಿದ್ರೆ ಮೂರನೇ ಬೆರಳಿನ ಸ್ವರ ಯಾಕೆ ತಗ್ಗಿಗೆ ಬೀಳ್ತಿತ್ತು?" ಎಂದರು ಟೀಚರು, ನನಗೆ ಮಾತ್ರ ಕೇಳುವಂತೆ.

ಆ ಸಂಜೆ ವಿದ್ವಾಂಸರ ಕಛೇರಿ ಮುಗಿದ ಮೇಲೆ ಟೀಚರು ಅಡುಗೆಯವರಿಗೆ ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು. "ಇಷ್ಟು ಸೆಕೇಲೂ ಆ ಮನುಷ್ಯ ಶಾಲು ತೆಗೀಲಿಲ್ಲ. ಕಛೇರೀಲಿ ಒಂದು ಕೀರ್ತನೆ ನುಡಿಸಿ ಮಿಕ್ಕಿದ್ದನ್ನ ಶಿಷ್ಯನಿಗೆ ಬಿಟ್ಟರು. ಯಾಕೆ?"

ದೊಡ್ಡವರು ಶಾಲು ಹೊದೆಯದೆ ಇನ್ಯಾರು ಹೊದೆಯಬೇಕು ಎಂದು ನನಗನ್ನಿಸಿತು.

ಶಿಬಿರ ಮುಗಿದ ಮೇಲೆ ಟೀಚರು ಯಾರಿಗೂ ಹೇಳದೆ ಮೈಸೂರಿಗೆ ಹೋಗಿ ಆ ಮನೆ ನೋಡಿಕೊಂಡು ಬಂದರು. ಬಂದವರು ನಮ್ಮ ಮನೆ ಬಾಗಿಲಲ್ಲಿ ನಿಂತು, "ಬೇಡ, ಕಳಿಸಬೇಡಿ" ಎಂದರು. ಅವ್ವ ಯಾಕೆಂದು ಕೇಳುತ್ತಿದ್ದಂತೆಯೇ ನೀರನ್ನೂ ಕುಡಿಯದೆ ಹೊರಟುಹೋದರು.

ನನಗೆ ಅಳು ಬಂತು. ಅವ್ವನಿಗೆ ಸಿಟ್ಟು ಬಂತು. "ಒಟ್ಟೆಕಿಚ್ಚು ಕಣವ್ವಾ, ಇನ್ನೇನು? ಅಷ್ಟು ದೊಡ್ಡೋರು ತಾವಾಗೇ ಕರ್ದವ್ರೆ. ತನ್ನ ಕೈಕೆಳಗೇ ಬಿದ್ದಿರ್ಲಿ ಅಂತ ಈಯಮ್ಮಂಗೆ."

ನನಗೂ ಹಾಗೇ ಅನ್ನಿಸಿತು. ಟೀಚರ ಒಂದೊಂದು ಮಾತನ್ನೂ ನೆನೆದು ತೂಗಿ ನೋಡತೊಡಗಿದೆ. ನನ್ನನ್ನು ಒಮ್ಮೆಯೂ ಹೊಗಳಿರಲಿಲ್ಲ ಯಾಕೆ? ಪಿಟೀಲು ಕೊಟ್ಟಿದ್ದು ಕಟ್ಟಿಹಾಕುವುದಕ್ಕೋ? ಅವರು ಕಲಿಸಿದ ಚಾಳಿಯನ್ನೇ ಅವರ ಮೇಲೆ ತಿರುಗಿಸಿದ್ದೆ.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಬಾಗಿಲಲ್ಲಿ ಮತ್ತೆ ಟೀಚರು. "ಇವತ್ತು ತಾಯಿ ಮಗಳು ಇಬ್ಬರೂ ನನ್ನ ಜೊತೆ ಬನ್ನಿ. ನೀವೇ ನೋಡಿ. ಆಮೇಲೆ ನೀವು ಹೇಳಿದ ಹಾಗೆ."

ಮೈಸೂರಿನ ಆ ಮನೆಯ ನಡುಮನೆಯಲ್ಲಿ ಶಿಷ್ಯರು ಚಾಪೆಯ ಮೇಲೆ ಸಾಲಾಗಿ ಕೂತು ನುಡಿಸುತ್ತಿದ್ದರು. ವಿದ್ವಾಂಸರು ನಗುನಗುತ್ತಾ ಬರಮಾಡಿಕೊಂಡರು. ನನ್ನ ವಯಸ್ಸಿನ ಹುಡುಗಿಯೊಬ್ಬಳು ತಟ್ಟೆಯಲ್ಲಿ ಕಾಫಿ ಲೋಟಗಳನ್ನು ಹಿಡಿದು ತಂದಳು. ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಟೀಚರು ತಟ್ಟೆಯನ್ನು ಇಸಿದುಕೊಂಡು ಕೆಳಗಿಟ್ಟು, ಅವಳ ಎಡಗೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಹೆಬ್ಬೆರಳಿನ ಬುಡದಲ್ಲಿ ಮೆಲ್ಲಗೆ ಒತ್ತಿದರು. ಹುಡುಗಿ ಹಲ್ಲು ಕಚ್ಚಿ ಉಸಿರೆಳೆದುಕೊಂಡಳು.

"ಯಾವಾಗಿಂದ ಮಗಾ?"

ಹುಡುಗಿ ಗುರುಗಳ ಕಡೆ ನೋಡಿದಳು.

"ಸಾಧನೆ ಅಂದ ಮೇಲೆ ನೋವು ಇರುತ್ತಮ್ಮ" ಎಂದರು ಅವರು, ಅದೇ ಮೆತ್ತಗಿನ ದನಿಯಲ್ಲಿ. "ನಮ್ಮ ಗುರುಗಳೂ ಹೀಗೇ ಸಾಧನೆ ಮಾಡಿಸಿದರು. ನೋವು ದಾಟಿದ ಮೇಲೇ ನಾದ."

"ನಿಮ್ಮ ಕೈ ತೋರಿಸಿ ಸಾರ್" ಎಂದರು ಟೀಚರು.

ಅವರು ತೋರಿಸಲಿಲ್ಲ. ಶಾಲಿನ ಅಂಚನ್ನು ಎಡಗೈಯ ಮೇಲೆ ಇನ್ನಷ್ಟು ಎಳೆದುಕೊಂಡರು. ಮುಖದ ಮೇಲಿನ ನಗು ಮಾಸಿತು. ಅದುವರೆಗೆ ದೊಡ್ಡವರಾಗಿ ಕಂಡಿದ್ದ ಮನುಷ್ಯ ಆ ಗಳಿಗೆಯಲ್ಲಿ ದಣಿದ ಮುದುಕರಂತೆ ಕಂಡರು.  ಹೊರಡುವಾಗ ಟೀಚರು ಆ ಹುಡುಗಿಯ ಅಪ್ಪನ ಫೋನ್ ನಂಬರನ್ನು ಅವಳಿಂದಲೇ ಕೇಳಿ ತಗೊಂಡರು.

ವಾಪಸು ಬರುವಾಗ ಬಸ್ಸು ನರಸೀಪುರ ದಾಟಿತು. ಆಮೇಲೆ ಅವ್ವ, "ಆ ಮಗಿನ ಕೈ ನೋಡ್ದೇನವ್ವಾ, ಲೋಟ ಇಡಿಯಕ್ಕೂ ಆಗ್ದು" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಮೊದಲನೇ ಸಲವೇ ಯಾಕೆ ಹೇಳಲಿಲ್ಲ ಟೀಚರ್? ನಿಮಗೆ ಹೊಟ್ಟೆಕಿಚ್ಚು ಅಂದ್ಕೊಂಡಿದ್ವಿ."

ಅವರು ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ಇತ್ತಲ್ಲ. ನೀನು ಹೋಗಿಬಿಡ್ತೀಯ ಅಂತ ಇತ್ತು. ಹೊಟ್ಟೆಕಿಚ್ಚಿರೋ ಕಣ್ಣಿಗೆ ಇಲ್ಲದ್ದೂ ಕಾಣುತ್ತೆ. ಆ ಹುಡುಗಿ ಕೈ ಕಂಡಿದ್ದು ನಿಜವೋ, ನನಗೆ ಬೇಕಾಗಿ ಕಂಡಿತೋ ಅಂತ ನನ್ನ ಮೇಲೇ ಅನುಮಾನ ಬಂತು. ಅದಕ್ಕೇ ನಿಮ್ಮ ಕಣ್ಣನ್ನೂ ಕರ್ಕೊಂಡು ಹೋದೆ."

ತನ್ನ ಮೇಲೇ ಅನುಮಾನಪಟ್ಟು, ಅದನ್ನು ಪರೀಕ್ಷಿಸಲೆಂದೇ ಮತ್ತೆ ಬಸ್ಸು ಹತ್ತಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಮರುವರ್ಷದ ಶಿಬಿರಕ್ಕೆ ಆ ಹುಡುಗಿ ಅಪ್ಪನ ಜೊತೆ ಬಂದಳು. ಅಷ್ಟು ಹೊತ್ತಿಗೆ ಅವಳು ಪಿಟೀಲು ಬಿಟ್ಟಿದ್ದಳು. ಟೀಚರು ಅವಳಿಂದ ಬೇಸಿಗೆಯಿಡೀ ಬರೀ ಹಾಡಿಸಿದರು, ವಾದ್ಯ ಮುಟ್ಟಿಸಲಿಲ್ಲ. ಅದರಾಚೆಯ ವರ್ಷ ತಂತಿಯ ಮೇಲೆ ಒಂದೇ ಬೆರಳು ಇಡಿಸಿದರು. ಈಗ ಅವಳು ಹನೂರಿನ ಶಾಲೆಯೊಂದರಲ್ಲಿ ಸಂಗೀತ ಹೇಳಿಕೊಡುತ್ತಾಳೆ. ದೊಡ್ಡ ಕಛೇರಿಗಳಲ್ಲಿ ನುಡಿಸುವುದಿಲ್ಲ, ಆದರೆ ನುಡಿಸುತ್ತಾಳೆ.

ಟೀಚರು ಹೋದ ಮಾಘದಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಮಾತ್ರೆ ಕೊಡಲು ಬಂದ ನರ್ಸನ್ನು, "ಇದು ನಂದೇನಾ, ಪಕ್ಕದ ಮಂಚದವರದಾ?" ಎಂದು ಕೇಳುತ್ತಿದ್ದರಂತೆ. ಮಣ್ಣು ಮಾಡುವಾಗ ನಾವು ಶಿಷ್ಯರೆಲ್ಲ ಇದ್ದೆವು. ಕತ್ತಲಾಗುವ ಮುಂಚೆ ಮಾಂಬಳ್ಳಿಗೆ ಬಂದು, ಸ್ನಾನ ಮಾಡಿ, ಪಿಟೀಲು ತೆಗೆದೆ. ಅವ್ವ ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ಊಟಕ್ಕೆ ಕರೆಯಲಿಲ್ಲ. ಬಹಳ ಹೊತ್ತು ನುಡಿಸಿದೆ. ಕೈ ನೋಯಲಿಲ್ಲ.